ಟೆಕ್ಸಸ್ ಹಿಲ್ ಕಂಟ್ರಿಯ ಜರ್ಮನ್ ಹಬ್ಬಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಅಕ್ಟೋಬರ್ ಬಂತೆಂದರೆ ಆಸ್ಟಿನ್, ಸ್ಯಾನ್ ಆಂಟೋನಿಯೋ ಕಡೆಯ ಕನ್ನಡಿಗರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಇದೇ ಮಾತು: ಹಿಲ್ ಕಂಟ್ರಿ ಎಂಬ ಗುಡ್ಡಗಾಡಿನ ಯಾವ ಜರ್ಮನ್ ಹಬ್ಬಕ್ಕೆ ಹೋಗುವುದು, ಊರಿಂದ ಬಂದಿರುವ ಅಪ್ಪ ಅಮ್ಮನನ್ನು ಕರೆದೊಯ್ಯಬಹುದೇ, ಅಲ್ಲಿ ತಿನ್ನಲು ಏನಾದರೂ ಸಿಗುತ್ತದೆಯೇ? ಆ ಪ್ರಶ್ನೆಗಳಿಗೂ, ಹೋಗಿ ಬಂದ ಮೇಲೆ ಹುಟ್ಟುವ ಪ್ರಶ್ನೆಗಳಿಗೂ ಇಲ್ಲಿ ಉತ್ತರವಿದೆ. ತಾರೀಕು, ಪ್ರವೇಶ ದರ ವರ್ಷವರ್ಷವೂ ಬದಲಾಗುವುದರಿಂದ ಅವನ್ನು ಆಯಾ ಹಬ್ಬದ ಜಾಲತಾಣದಲ್ಲೇ ನೋಡಿಕೊಳ್ಳಿ.

ಟೆಕ್ಸಸ್‌ನ ನಡುವೆ ಜರ್ಮನ್ ಊರುಗಳು ಹೇಗೆ ಬಂದವು?

ಜರ್ಮನಿಯ ಕೆಲವು ರಾಜಮನೆತನದವರೂ ಜಹಗೀರುದಾರರೂ ಸೇರಿ 1842ರಲ್ಲಿ ಒಂದು ಸಂಘ ಕಟ್ಟಿದರು. ಜನ ಅದನ್ನು ಕರೆದದ್ದು ಆಡೆಲ್ಸ್‌ಫೆರೈನ್ ಎಂದು. ಆಗ ಟೆಕ್ಸಸ್ ಇನ್ನೂ ಸ್ವತಂತ್ರ ದೇಶ. ಅಲ್ಲಿ ಜಮೀನು ಹಿಡಿದು, ಜರ್ಮನಿಯಿಂದ ರೈತರನ್ನೂ ಕುಶಲಕರ್ಮಿಗಳನ್ನೂ ಕರೆತಂದು ನೆಲೆಗೊಳಿಸುವುದು ಸಂಘದ ಯೋಜನೆ. ಸಂಘದ ಮೊದಲ ಮುಖ್ಯಾಧಿಕಾರಿಯಾಗಿ ಬಂದ ರಾಜಕುಮಾರ ಕಾರ್ಲ್ ಆಫ್ ಸೋಲ್ಮ್ಸ್-ಬ್ರೌನ್‌ಫೆಲ್ಸ್ 1845ರ ಮಾರ್ಚ್ 21ರಂದು, ಗುಡ್ ಫ್ರೈಡೇ ದಿನ, ಕೋಮಲ್ ಚಿಲುಮೆಗಳ ಬಳಿ ನ್ಯೂ ಬ್ರೌನ್‌ಫೆಲ್ಸ್ ಊರನ್ನು ಸ್ಥಾಪಿಸಿದ. ಅವನ ನಂತರ ಬಂದ ಬ್ಯಾರನ್ ಮೊಯ್ಸೆಬಾಖ್ ತನ್ನ ಬಿರುದು ಬಿಟ್ಟು ಬರೀ ಜಾನ್ ಮೊಯ್ಸೆಬಾಖ್ ಎನಿಸಿಕೊಂಡ. ಅವನು 1846ರ ಮೇ 8ರಂದು ಫ್ರೆಡರಿಕ್ಸ್‌ಬರ್ಗ್ ಸ್ಥಾಪಿಸಿದ.

ಸಂಘದ ಮೂಲಕ ಬಂದವರು ಸುಮಾರು 7,000 ಮಂದಿ. ಹಡಗು ಇಳಿದದ್ದು ಕರಾವಳಿಯ ಇಂಡಿಯನೋಲಾದಲ್ಲಿ. 1846ರಲ್ಲಿ ಮೆಕ್ಸಿಕೋ ಯುದ್ಧ ಶುರುವಾಗಿ ಗಾಡಿಗಳೆಲ್ಲ ಸೈನ್ಯದ ಪಾಲಾದವು. ವಲಸಿಗರು ತೀರದ ಕೆಸರಿನಲ್ಲಿ ತಿಂಗಳುಗಟ್ಟಲೆ ಸಿಕ್ಕಿಬಿದ್ದರು, ಕಾಯಿಲೆಗೆ ನೂರಾರು ಜನ ಸತ್ತರು. ಉಳಿದವರು ಮೇಲಿನ ಗುಡ್ಡಗಾಡು ತಲುಪಿದಾಗ ಅದು ಕೊಮಾಂಚಿ ಬುಡಕಟ್ಟಿನವರ ನೆಲವಾಗಿತ್ತು. ಮೊಯ್ಸೆಬಾಖ್ 1847ರಲ್ಲಿ ಅವರೊಂದಿಗೆ ಮಾಡಿಕೊಂಡ ಒಪ್ಪಂದವನ್ನು ಫ್ರೆಡರಿಕ್ಸ್‌ಬರ್ಗ್‌ನವರು ಇಂದಿಗೂ ಹೆಮ್ಮೆಯಿಂದ ನೆನೆಯುತ್ತಾರೆ.

ಯಾವ ಹಬ್ಬ, ಯಾವಾಗ?

ದೊಡ್ಡವು ಎರಡು. ಫ್ರೆಡರಿಕ್ಸ್‌ಬರ್ಗ್‌ನ ಅಕ್ಟೋಬರ್‌ಫೆಸ್ಟ್ ಅಕ್ಟೋಬರ್ ಮೊದಲ ವಾರಾಂತ್ಯದಲ್ಲಿ ಶುಕ್ರವಾರದಿಂದ ಭಾನುವಾರದವರೆಗೆ, ಊರ ನಡುವಿನ ಮಾರ್ಕ್ಟ್‌ಪ್ಲಾಟ್ಸ್ ಬಯಲಲ್ಲಿ ನಡೆಯುತ್ತದೆ. ನ್ಯೂ ಬ್ರೌನ್‌ಫೆಲ್ಸ್‌ನ ವುರ್ಸ್ಟ್‌ಫೆಸ್ಟ್, ಅಂದರೆ ಸಾಸೇಜ್ ಹಬ್ಬ, ನವೆಂಬರ್ ಮೊದಲ ಭಾಗದಲ್ಲಿ ಹತ್ತು ದಿನ. ಶುಕ್ರವಾರ ಶುರುವಾಗಿ ಮುಂದಿನ ವಾರದ ಭಾನುವಾರ ಮುಗಿಯುತ್ತದೆ. ಕನ್ನಡ ರಾಜ್ಯೋತ್ಸವದ ಕಾರ್ಯಕ್ರಮಗಳೂ ಅದೇ ವಾರಾಂತ್ಯಗಳಲ್ಲಿ ಬೀಳುತ್ತವೆ. ಹಾಗಾಗಿ ವುರ್ಸ್ಟ್‌ಫೆಸ್ಟ್‌ಗೆ ವಾರದ ದಿನವನ್ನೇ ಇಟ್ಟುಕೊಳ್ಳುವುದು ಜಾಣತನ, ಜನವೂ ಕಡಿಮೆ.

ಇವೆರಡರ ಆಚೆಗೆ ಸಣ್ಣವು ಬೇಕಾದಷ್ಟಿವೆ. ನ್ಯೂ ಬ್ರೌನ್‌ಫೆಲ್ಸ್‌ನ ಪಶ್ಚಿಮಕ್ಕಿರುವ ಆನ್‌ಹಾಲ್ಟ್ ಹಳ್ಳಿಯ ಸಭಾಂಗಣದಲ್ಲಿ ಮೇ ಮತ್ತು ಅಕ್ಟೋಬರ್‌ನಲ್ಲಿ ಒಂದೊಂದು ಹಬ್ಬ. ಫ್ರೆಡರಿಕ್ಸ್‌ಬರ್ಗ್‌ನಲ್ಲಿ ಬೇಸಿಗೆಯ ಕೊನೆಗೆ ಗಿಲೆಸ್ಪಿ ಕೌಂಟಿ ಜಾತ್ರೆ; 1881ರಿಂದ ನಡೆದುಬಂದಿರುವ ಇದು ಟೆಕ್ಸಸ್‌ನ ಕೌಂಟಿ ಜಾತ್ರೆಗಳಲ್ಲೇ ಹಳೆಯದು. ಸ್ಯಾನ್ ಆಂಟೋನಿಯೋದ ಬೀಥೋವನ್ ಮೆನರ್‌ಕೋರ್ ಎಂಬ ಗಾಯನ ಸಂಘ 1867ರಿಂದಲೂ ಇದೆ, ಅವರ ತೋಟದಲ್ಲಿ ಸಂಗೀತ ಸಂಜೆಗಳಾಗುತ್ತವೆ. ಆಸ್ಟಿನ್‌ನ ಹಳೆಯ ಜರ್ಮನ್ ಫ್ರೀ ಸ್ಕೂಲ್ ಕಟ್ಟಡದಲ್ಲೂ ವರ್ಷವಿಡೀ ಏನಾದರೊಂದು ಇರುತ್ತದೆ.

ಇನ್ನು ಅಕ್ಟೋಬರ್ 6 ಅಮೆರಿಕದಾದ್ಯಂತ ಜರ್ಮನ್-ಅಮೆರಿಕನ್ ದಿನ. 1683ರಲ್ಲಿ ಕ್ರೆಫೆಲ್ಡ್‌ನಿಂದ 13 ಕುಟುಂಬಗಳು ಫಿಲಡೆಲ್ಫಿಯಾಕ್ಕೆ ಬಂದಿಳಿದ ನೆನಪಿಗೆ ಅದು. ಹಿಲ್ ಕಂಟ್ರಿಯಲ್ಲಿ ಆ ದಿನಕ್ಕೆ ಅಂಥ ಗದ್ದಲವೇನಿಲ್ಲ.

ಇವೆಲ್ಲ 1845ರಿಂದಲೂ ನಡೆಯುತ್ತಿರುವ ಹಬ್ಬಗಳೇ?

ಅಲ್ಲ. ಬರುವವರಲ್ಲಿ ಹೆಚ್ಚಿನವರು ತಪ್ಪು ತಿಳಿಯುವುದು ಇಲ್ಲೇ. ವುರ್ಸ್ಟ್‌ಫೆಸ್ಟ್ ಶುರುವಾದದ್ದು 1961ರಲ್ಲಿ, ಒಂದು ದಿನದ ಸಾಸೇಜ್ ಹಬ್ಬವಾಗಿ. ಅದರ ಯೋಚನೆ ಬಂದದ್ದು ಊರಿನ ಮಾಂಸ ತಪಾಸಣಾಧಿಕಾರಿ ಎಡ್ ಗ್ರಿಸ್ಟ್ ಅವರಿಗೆ. ಫ್ರೆಡರಿಕ್ಸ್‌ಬರ್ಗ್‌ನ ಅಕ್ಟೋಬರ್‌ಫೆಸ್ಟ್ 1981ರದ್ದು. ಅಲ್ಲಿ ಕಾಣುವ ಚರ್ಮದ ಚಡ್ಡಿ, ಗರಿ ಸಿಕ್ಕಿಸಿದ ಟೋಪಿ, ನೀಲಿ-ಬಿಳಿ ಚೌಕಳಿ ಎಲ್ಲ ದಕ್ಷಿಣ ಜರ್ಮನಿಯ ಬವೇರಿಯಾ ಪ್ರಾಂತ್ಯದ ಗುರುತುಗಳು. ಇಲ್ಲಿ ನೆಲೆಸಿದವರಲ್ಲಿ ಬಹುಪಾಲು ಹೆಸ್ಸೆ, ನಸ್ಸೌ, ಹ್ಯಾನೋವರ್, ಬ್ರೌನ್‌ಶ್ವೈಗ್ ಕಡೆಯವರು. ಅವರ ಅಜ್ಜ ಮುತ್ತಜ್ಜಂದಿರು ಲೇಡರ್‌ಹೋಸನ್ ಎಂಬ ಆ ಚರ್ಮದ ಚಡ್ಡಿ ತೊಟ್ಟಿರಲಿಲ್ಲ. ಬವೇರಿಯಾದ ಮ್ಯೂನಿಕ್‌ನ ಅಕ್ಟೋಬರ್‌ಫೆಸ್ಟ್ ಲೋಕಪ್ರಸಿದ್ಧವಾದ ಮೇಲೆ ಜರ್ಮನ್ ಎಂದರೆ ಬವೇರಿಯಾ ಎಂಬ ಚಿತ್ರ ಅಮೆರಿಕದಲ್ಲಿ ನೆಲೆಯೂರಿತು, ಪ್ರವಾಸಿಗರು ಅದನ್ನೇ ಕೇಳಿದರು, ಊರುಗಳು ಅದನ್ನೇ ಕೊಟ್ಟವು.

ಹಾಗೆಂದು ಹಬ್ಬ ಸುಳ್ಳೆನ್ನುವಂತಿಲ್ಲ. ಅದನ್ನು ಎತ್ತಿ ನಿಲ್ಲಿಸಿರುವ ಸಂಘಗಳು ನಿಜಕ್ಕೂ ಹಳೆಯವು. ಇವರು ಎಲ್ಲಿ ನೆಲೆಸಿದರೂ ಮೊದಲು ಕಟ್ಟಿದ್ದು ಫೆರೈನ್, ಅಂದರೆ ಸಂಘ: ಹಾಡಲೊಂದು, ಗುರಿಯಿಟ್ಟು ಗುಂಡು ಹೊಡೆಯಲೊಂದು, ಕಸರತ್ತಿಗೊಂದು, ಬೇಸಾಯಕ್ಕೊಂದು. ನ್ಯೂ ಬ್ರೌನ್‌ಫೆಲ್ಸ್‌ನ ಜೆರ್ಮೇನಿಯಾ ಗಾಯನ ಸಂಘ ಹುಟ್ಟಿದ್ದು 1850ರಲ್ಲಿ, ಊರಿಗೆ ಐದು ವರ್ಷವಾದಾಗ. 1853ರಲ್ಲಿ ಸ್ಯಾನ್ ಆಂಟೋನಿಯೋ, ಆಸ್ಟಿನ್, ಸಿಸ್ಟರ್‌ಡೇಲ್‌ನ ಹಾಡುಗಾರರನ್ನೂ ಸೇರಿಸಿಕೊಂಡು ರಾಜ್ಯದ ಮೊದಲ ಸೆಂಗರ್‌ಫೆಸ್ಟ್, ಅಂದರೆ ಹಾಡುಗಾರರ ಹಬ್ಬ, ಅಲ್ಲೇ ನಡೆಯಿತು. ಆನ್‌ಹಾಲ್ಟ್‌ನ ಜೆರ್ಮೇನಿಯಾ ರೈತ ಸಂಘ 1875ರಲ್ಲಿ ಹುಟ್ಟಿದ್ದು ದನಗಳ್ಳರಿಂದ ದನ ಕಾಪಾಡಿಕೊಳ್ಳಲು. ಇಂದು ಅದರ ಸಭಾಂಗಣದಲ್ಲಿ ಜನ ವಾಲ್ಟ್ಸ್ ಕುಣಿಯುತ್ತಾರೆ.

ಒಂದೇ ದಿನ ಬಿಡುವಿದೆ. ಎಲ್ಲಿಗೆ ಹೋಗಲಿ?

ಗದ್ದಲ, ಬಿಯರ್, ಸ್ನೇಹಿತರ ಗುಂಪು ಎಂದಾದರೆ ವುರ್ಸ್ಟ್‌ಫೆಸ್ಟ್. ಸಣ್ಣ ಮಕ್ಕಳಿದ್ದರೆ ಫ್ರೆಡರಿಕ್ಸ್‌ಬರ್ಗ್, ಬಯಲು ಹರವಾಗಿದೆ, ಬೇಸರವಾದರೆ ಎದ್ದು ಪೇಟೆ ಬೀದಿಗೆ ನಡೆದುಬಿಡಬಹುದು. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ದೊಡ್ಡ ಹಬ್ಬಗಳ ಶನಿವಾರ ಸಂಜೆಯ ಹತ್ತಿರವೂ ಸುಳಿಯಬೇಡಿ. ಭಾನುವಾರ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ, ಅಥವಾ ಯಾವುದಾದರೂ ಹಳ್ಳಿ ಸಭಾಂಗಣದ ಹಬ್ಬಕ್ಕೆ ಹೋಗಿ. ಅಲ್ಲಿ ಕೂರಲು ಬೆಂಚು ಸಿಗುತ್ತದೆ, ಪಕ್ಕದಲ್ಲಿ ಕೂತ ಎಂಬತ್ತರ ಅಜ್ಜಿ ತಾನಾಗಿಯೇ ಮಾತಿಗಿಳಿಯುತ್ತಾಳೆ.

ವುರ್ಸ್ಟ್‌ಫೆಸ್ಟ್ ಒಳಗೆ ಹೇಗಿರುತ್ತದೆ?

ಜಾಗ ಲ್ಯಾಂಡಾ ಪಾರ್ಕಿನ ಪಕ್ಕ, ಕೋಮಲ್ ನದಿಯ ದಡ. ನದಿಯ ಉದ್ದ ಬರೀ ನಾಲ್ಕು ಕಿಲೋಮೀಟರ್, ಹುಟ್ಟಿ ಮುಗಿಯುವುದೆರಡೂ ಒಂದೇ ಊರೊಳಗೆ. ಮೈದಾನದಲ್ಲಿ ವುರ್ಸ್ಟ್‌ಹಾಲೆ ಎಂಬ ದೊಡ್ಡ ಸಭಾಂಗಣ, ಡೇರೆಗಳು, ಮಕ್ಕಳ ಆಟದ ಚಕ್ರಗಳು. 2019ರ ನವೆಂಬರ್‌ನಲ್ಲಿ, ಆ ವರ್ಷದ ಹಬ್ಬ ಮುಗಿದ ಕೆಲವೇ ದಿನಕ್ಕೆ, ಬೆಂಕಿ ಬಿದ್ದು ಈ ಮೈದಾನದ ಮಾರ್ಕ್ಟ್‌ಪ್ಲಾಟ್ಸ್ ಎಂಬ ಕಟ್ಟಡ (ಫ್ರೆಡರಿಕ್ಸ್‌ಬರ್ಗ್‌ನ ಬಯಲಲ್ಲ) ಸುಟ್ಟುಹೋಯಿತು. 2020ರಲ್ಲಿ ಕೋವಿಡ್‌ನಿಂದಾಗಿ ಹಬ್ಬವೇ ಇರಲಿಲ್ಲ. ಈಗ ಕಾಣುವ ಹೊಸ ಕಟ್ಟಡಗಳು ಅದರ ನಂತರದವು.

ಉದ್ಘಾಟನೆಗೆ ರಿಬ್ಬನ್ ಬದಲು ಸಾಸೇಜ್: ಗಣ್ಯರು ಅದನ್ನು ಕಚ್ಚಿದರೆ ಹಬ್ಬ ಶುರು. ಬ್ಯಾಡ್ಜುಗಳಿಂದ ತುಂಬಿದ ಟೋಪಿ ಹಾಕಿ ಓಡಾಡುವ ಸ್ವಯಂಸೇವಕರನ್ನು ಓಪಾ, ಅಂದರೆ ಅಜ್ಜ, ಎನ್ನುತ್ತಾರೆ. ಆ ವರ್ಷದ ಮುಖ್ಯಸ್ಥ ಗ್ರೋಸ್ ಓಪಾ. ದಾರಿ ತಪ್ಪಿದರೆ, ಮಗು ಕಳೆದರೆ ಮೊದಲು ಕೇಳಬೇಕಾದದ್ದು ಇವರನ್ನೇ. ತಿಂಡಿ ಮಳಿಗೆಗಳಲ್ಲಿ ಹೆಚ್ಚಿನವನ್ನು ಊರಿನ ಲಾಭರಹಿತ ಸಂಘಗಳೇ ನಡೆಸುತ್ತವೆ, ಹತ್ತು ದಿನದ ಗಳಿಕೆಯಲ್ಲಿ ಅವುಗಳ ವರ್ಷದ ಸೇವಾಕಾರ್ಯ ಸಾಗುತ್ತದೆ. ನಿಮಗೆ ಆಲೂಗಡ್ಡೆ ದೋಸೆ ಹಾಕಿಕೊಡುವವರು ವೃತ್ತಿ ಅಡುಗೆಯವರಲ್ಲ. ಸಾಲು ನಿಧಾನಕ್ಕೆ ಸರಿದರೆ ಸಹಿಸಿಕೊಳ್ಳಿ.

ಬಾಗಿಲಲ್ಲಿ ಏನು ಕೇಳುತ್ತಾರೆ?

ಬಿಯರ್, ವೈನ್ ಬೇಕಿದ್ದರೆ 21 ವರ್ಷ ತುಂಬಿದೆ ಎಂಬುದಕ್ಕೆ ಫೋಟೋ ಇರುವ ಗುರುತಿನ ಚೀಟಿ ಬೇಕು, ಕೂದಲು ನರೆತಿದ್ದರೂ ಬೇಕು. ಭಾರತದಿಂದ ಬಂದವರು ಮೂಲ ಪಾಸ್‌ಪೋರ್ಟ್ ತರಬೇಕು. ಆಧಾರ್ ಕಾರ್ಡ್, ಪಾಸ್‌ಪೋರ್ಟಿನ ಜೆರಾಕ್ಸ್, ಫೋನಿನಲ್ಲಿರುವ ಫೋಟೋ ನಂಬಿಕೊಂಡು ಹೋದವರು ಸಾಮಾನ್ಯವಾಗಿ ನಿಂಬೆ ಪಾನಕ ಕುಡಿದು ವಾಪಸಾಗುತ್ತಾರೆ. ದೊಡ್ಡ ಚೀಲ, ಮನೆಯ ತಿಂಡಿ, ಕುಡಿಯುವ ವಸ್ತು ಒಳಗೆ ಬಿಡುವ ನಿಯಮ ಹಬ್ಬದಿಂದ ಹಬ್ಬಕ್ಕೆ ಬೇರೆ. ಹಸುಗೂಸಿನ ಹಾಲು, ಔಷಧಿಯ ವಿಷಯವನ್ನು ಮೊದಲೇ ಇಮೇಲ್‌ನಲ್ಲಿ ಕೇಳಿಟ್ಟುಕೊಂಡರೆ ಬಾಗಿಲಲ್ಲಿ ವಾದ ತಪ್ಪುತ್ತದೆ.

ನಾವು ಸಸ್ಯಾಹಾರಿಗಳು. ಹಸಿದೇ ಇರಬೇಕೇ?

ಬೇಕಿಲ್ಲ, ಆದರೆ ತರಕಾರಿ ಕಂಡಿತೆಂದು ನಂಬುವ ಹಾಗಿಲ್ಲ. ಜರ್ಮನ್ ಅಡುಗೆಯಲ್ಲಿ ತರಕಾರಿ ಭಕ್ಷ್ಯಕ್ಕೆ ರುಚಿ ಕೊಡುವುದೇ ಹಂದಿ ಕೊಬ್ಬು. ಬಿಸಿಯಾಗಿ ಬಡಿಸುವ ಜರ್ಮನ್ ಆಲೂಗಡ್ಡೆ ಸಲಾಡಿನಲ್ಲಿ ಬೇಕನ್ ಇದ್ದೇ ಇರುತ್ತದೆ ಎಂದುಕೊಳ್ಳಿ. ಕೆಂಪು ಎಲೆಕೋಸಿನ ಪಲ್ಯವೂ ಬಹಳ ಸಲ ಹಾಗೆಯೇ. ಸೌರ್‌ಕ್ರೌಟ್ ಎಂಬ ಹುಳಿ ಬರಿಸಿದ ಎಲೆಕೋಸಿನಲ್ಲಿ ಮೂಲತಃ ಇರುವುದು ಎಲೆಕೋಸು ಮತ್ತು ಉಪ್ಪು, ಅಷ್ಟೇ. ಆದರೆ ಹಬ್ಬದಲ್ಲಿ ಅದನ್ನು ಸಾಸೇಜ್ ಜೊತೆ ಒಂದೇ ತಟ್ಟೆಯಲ್ಲಿ ಬೇಯಿಸಿಟ್ಟಿರುತ್ತಾರೆ. ಸ್ಪೆಟ್ಸ್ಲೆ ಎಂಬ ಶಾವಿಗೆಯಂಥದ್ದರಲ್ಲಿ ಮೊಟ್ಟೆ ಇದೆ.

ಆಲೂಗಡ್ಡೆ ದೋಸೆ, ಅಂದರೆ ಕಾರ್ಟೊಫೆಲ್‌ಪುಫರ್, ವುರ್ಸ್ಟ್‌ಫೆಸ್ಟಿನ ಹೆಸರಾಂತ ತಿಂಡಿ. ಮಾಂಸವಿಲ್ಲ, ಆದರೆ ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ. ಅದೇ ಎಣ್ಣೆಯಲ್ಲಿ ಬೇರೇನು ಕರಿಯುತ್ತೀರಿ ಎಂದು ಕೇಳಿ. ಪ್ರೆಟ್ಜೆಲ್ ಬಹುಮಟ್ಟಿಗೆ ಸುರಕ್ಷಿತ. ಕೆಲವರು ಬೆಣ್ಣೆಯ ಬದಲು ಹಂದಿ ಕೊಬ್ಬು ಹಾಕುವುದರಿಂದ ಅದನ್ನೂ ಕೇಳಿಕೊಳ್ಳುವುದು ಒಳ್ಳೆಯದು. ಸುಟ್ಟ ಜೋಳ, ಸೇಬಿನ ಸ್ಟ್ರೂಡೆಲ್, ಸಕ್ಕರೆ ಲೇಪಿಸಿ ಹುರಿದ ಬಾದಾಮಿ, ಇವುಗಳಲ್ಲಿ ಹೊಟ್ಟೆ ತುಂಬುತ್ತದೆ. ಕೇಳುವಾಗ ನಾನು ವೆಜಿಟೇರಿಯನ್ ಎಂದಷ್ಟೇ ಹೇಳಿದರೆ ಸಾಲದು. ಬೇಕನ್, ಲಾರ್ಡ್ (ಹಂದಿ ಕೊಬ್ಬು), ಮಾಂಸದ ಸಾರು, ಮೊಟ್ಟೆ ಎಂದು ಒಂದೊಂದಾಗಿ ಹೆಸರಿಟ್ಟು ಕೇಳಿದರೆ ಸರಿಯಾದ ಉತ್ತರ ಬರುತ್ತದೆ.

ಆಲೂಗಡ್ಡೆ ದೋಸೆಯನ್ನು ಮನೆಯಲ್ಲಿ ಮೊಟ್ಟೆ ಇಲ್ಲದೆ ಮಾಡಬಹುದೇ?

ಆಗುತ್ತದೆ. ಒಂದು ಕಿಲೋ ಆಲೂಗಡ್ಡೆ, ಒಂದು ಈರುಳ್ಳಿ ತುರಿಯಿರಿ, ಬಟ್ಟೆಯಲ್ಲಿ ಕಟ್ಟಿ ಗಟ್ಟಿಯಾಗಿ ಹಿಂಡಿ. ಹಿಂಡಿದ ನೀರನ್ನು ಚೆಲ್ಲದೆ ಹತ್ತು ನಿಮಿಷ ಬಿಟ್ಟರೆ ತಳದಲ್ಲಿ ಬಿಳಿ ಗಂಜಿ ಕೂರುತ್ತದೆ. ಮೇಲಿನ ನೀರು ಬಸಿದು, ಆ ಗಂಜಿಯನ್ನು ತುರಿಗೆ ವಾಪಸು ಸೇರಿಸಿ, ಮೂರು ಚಮಚ ಮೈದಾ, ಒಂದು ಚಮಚ ಉಪ್ಪು ಹಾಕಿ ಕಲಸಿ. ಕಾವಲಿಯಲ್ಲಿ ಅರ್ಧ ಸೆಂಟಿಮೀಟರ್ ಎಣ್ಣೆ ಕಾಯಿಸಿ ತೆಳ್ಳಗೆ ಹರಡಿ, ಒಂದೊಂದು ಮಗ್ಗುಲು ಮೂರು ನಾಲ್ಕು ನಿಮಿಷ. ಮುರಿದು ಹೋದರೆ ನೀರು ಸರಿಯಾಗಿ ಹಿಂಡಿಲ್ಲ, ಅಥವಾ ಬೇಗ ಮಗುಚಿದ್ದೀರಿ. ಎಣ್ಣೆ ಕುಡಿದು ಮೆತ್ತಗಾದರೆ ಎಣ್ಣೆ ಕಾದಿರಲಿಲ್ಲ. ಕಲಸಿ ಅರ್ಧ ಗಂಟೆ ಇಟ್ಟರೆ ಮತ್ತೆ ನೀರು ಬಿಟ್ಟು ಕಪ್ಪಾಗುತ್ತದೆ, ಆದ್ದರಿಂದ ಕಲಸಿದ ಕೂಡಲೇ ಹಾಕಿ. ಜೊತೆಗೆ ಸೇಬಿನ ಸಾಸ್. ಖಾರದ ಚಟ್ನಿ ಇನ್ನೂ ಚೆನ್ನ ಎಂಬುದು ನಮ್ಮ ಅಭಿಪ್ರಾಯ.

ಸಾಸೇಜ್‌ಗಳಲ್ಲಿ ಯಾವುದು ಯಾವುದು? ಮನೆಗೆ ತಂದು ಬೇಯಿಸುವುದು ಹೇಗೆ?

ಬ್ರಾಟ್‌ವುರ್ಸ್ಟ್ ಹಸಿ ಮಾಂಸದ್ದು, ಹೆಚ್ಚಾಗಿ ಹಂದಿ, ಕೆಲವೊಮ್ಮೆ ಎಳೆಗರುವಿನ ಮಾಂಸ ಸೇರಿರುತ್ತದೆ. ಕ್ನಾಕ್‌ವುರ್ಸ್ಟ್ ನುಣ್ಣಗೆ ರುಬ್ಬಿ ಬೆಳ್ಳುಳ್ಳಿ ಹಾಕಿದ್ದು, ಗಿಡ್ಡ, ದಪ್ಪ. ಇಲ್ಲಿನ ಹೊಗೆಯಾಡಿಸಿದ ಸಾಸೇಜ್ ಜರ್ಮನ್ ಮತ್ತು ಝೆಕ್ ಕಟುಕರು ಟೆಕ್ಸಸ್‌ನ ಓಕ್ ಕಟ್ಟಿಗೆಗೆ ಒಗ್ಗಿಸಿಕೊಂಡದ್ದು. ಮಾರಾಟವಾಗದೆ ಉಳಿದ ಮಾಂಸವನ್ನು ಅವರು ಅಂಗಡಿಯ ಹಿಂದೆ ಹೊಗೆಗಿಟ್ಟು ಕಾಗದದಲ್ಲಿ ಸುತ್ತಿ ಮಾರುತ್ತಿದ್ದರು. ಲಾಕ್‌ಹಾರ್ಟ್‌ನಂಥ ಊರುಗಳ ಬಾರ್ಬೆಕ್ಯೂ ಹೆಸರುವಾಸಿಯಾದದ್ದು ಆ ಮಾಂಸದಂಗಡಿಗಳಿಂದಲೇ. ಗೋಮಾಂಸ ಬೇಡದವರು ಬೀಫ್ ಇದೆಯೇ ಎಂದು ಪ್ರತ್ಯೇಕವಾಗಿ ಕೇಳಬೇಕು, ಟೆಕ್ಸಸ್‌ನಲ್ಲಿ ಎರಡನ್ನೂ ಬೆರೆಸುವುದು ಮಾಮೂಲು. ಅದೊಂದನ್ನು ಕೇಳಿಕೊಂಡರೆ, ಹಂದಿ ತಿನ್ನುವ ಕೊಡಗಿನವರಿಗೆ ಈ ಹಬ್ಬದಲ್ಲಿ ಬೇರೆ ಚಿಂತೆಯೇ ಇಲ್ಲ.

ಹಸಿ ಬ್ರಾಟ್‌ವುರ್ಸ್ಟನ್ನು ನೇರ ಬೆಂಕಿಗಿಟ್ಟರೆ ಹೊರಗೆ ಕರಿ, ಒಳಗೆ ಹಸಿ. ಮೊದಲು 75ರಿಂದ 80 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಇಡಿ, ಹಬೆಯಾಡಬೇಕು, ಕುದಿಯಬಾರದು. ಕುದಿದರೆ ಕರುಳಿನ ಹೊದಿಕೆ ಒಡೆದು ಕೊಬ್ಬೆಲ್ಲ ನೀರು ಪಾಲಾಗಿ ತಿರುಳು ಮರಳಿನಂತೆ ಉದುರುತ್ತದೆ. ಆಮೇಲೆ ಮಧ್ಯಮ ಉರಿಯಲ್ಲಿ ಹೊರಳಿಸುತ್ತಾ ಬಣ್ಣ ಬರಿಸಿ. ನಡುವಿನ ಬಿಸಿ 71 ಡಿಗ್ರಿ ಮುಟ್ಟಿರಬೇಕು. ಫೋರ್ಕ್ ಚುಚ್ಚಿ ನೋಡುವ ಅಭ್ಯಾಸ ಬಿಡಿ, ಇಕ್ಕಳ ಬಳಸಿ. ಪೂರ್ತಿ ಬೆಂದಿದೆ ಎಂದು ಪೊಟ್ಟಣದ ಮೇಲಿರುವ ಹೊಗೆ ಸಾಸೇಜ್‌ಗೆ ಈ ಕಷ್ಟವಿಲ್ಲ, ಬಿಸಿ ಮಾಡಿದರೆ ಸಾಕು.

ಸೌರ್‌ಕ್ರೌಟ್ ಹಾಕುವುದು ಕಷ್ಟವೇ?

ಸುಲಭ, ತಾಳ್ಮೆ ಬೇಕು. ಐದು ಕಿಲೋ ಎಲೆಕೋಸನ್ನು ಎರಡು ಮಿಲಿಮೀಟರ್ ಎಳೆಯಾಗಿ ಹೆಚ್ಚಿ, 100ರಿಂದ 110 ಗ್ರಾಂ ಉಪ್ಪು ತೂಗಿ ಹಾಕಿ. ಚಮಚದ ಲೆಕ್ಕ ಬೇಡ, ಕಲ್ಲುಪ್ಪು ಮತ್ತು ಪುಡಿಯುಪ್ಪಿನ ತೂಕ ಒಂದೇ ಅಲ್ಲ. ನೀರು ಬಿಡುವವರೆಗೆ ಕೈಯಿಂದ ಹಿಸುಕಿ, ಭರಣಿಗೆ ಅದುಮಿ ತುಂಬಿ, ಮೇಲೆ ಭಾರ ಇಡಿ. ಎಲೆಕೋಸು ಪೂರಾ ಉಪ್ಪುನೀರಿನೊಳಗೆ ಮುಳುಗಿರಬೇಕು. ನೀರು ಸಾಲದಿದ್ದರೆ ಲೀಟರಿಗೆ 20 ಗ್ರಾಂ ಉಪ್ಪು ಕರಗಿಸಿ ಹೊಯ್ಯಿರಿ. ನಮ್ಮ ಉಪ್ಪಿನಕಾಯಿಗೆ ಹೊಯ್ಯುವಂತೆ ಎಣ್ಣೆ ಹೊಯ್ಯಬೇಡಿ. ಮುಚ್ಚಳ ಬಿಗಿ ಮಾಡಿದರೆ ಗಾಳಿ ಹೋಗಲು ದಾರಿಯಿಲ್ಲದೆ ಭರಣಿ ಸಿಡಿಯುತ್ತದೆ.

18ರಿಂದ 22 ಡಿಗ್ರಿಯಲ್ಲಿ ಮೂರು ನಾಲ್ಕು ವಾರ ಬೇಕು. ಬೇಸಿಗೆಯ ಮನೆಯಲ್ಲಿ 30 ಡಿಗ್ರಿ ಇದ್ದರೆ ವಾರದಲ್ಲೇ ಹುಳಿಯಾಗುತ್ತದೆ, ಆದರೆ ಗರಿಗರಿ ಉಳಿಯುವುದಿಲ್ಲ. ಹುಳಿ ಸಾಕೆನಿಸಿದ ದಿನವೇ ಫ್ರಿಜ್ಜಿಗೆ ಹಾಕಿ. ಮೇಲೆ ತೆಳ್ಳನೆಯ ಬಿಳಿ ಪದರ ಕಟ್ಟಿದರೆ ತೆಗೆದುಹಾಕಿ, ತೊಂದರೆಯಿಲ್ಲ. ಹಸಿರು, ಕಪ್ಪು, ಗುಲಾಬಿ ಬೂಷ್ಟು ಕಂಡರೆ ಇಡೀ ಭರಣಿ ಚೆಲ್ಲಬೇಕು.

ಕುಣಿಯಲು ಬರುವುದಿಲ್ಲ. ಪೋಲ್ಕಾ ಕಲಿಯಬಹುದೇ?

ಒಂದು ಸಂಜೆಗೆ ಬೇಕಾದಷ್ಟು ಹತ್ತು ನಿಮಿಷದಲ್ಲಿ ಬರುತ್ತದೆ. ಪೋಲ್ಕಾ ಎರಡು ಎಣಿಕೆಯ ತಾಳ: ಹೆಜ್ಜೆ, ಜೋಡಿಸು, ಹೆಜ್ಜೆ, ಸಣ್ಣ ತಡೆ, ಮತ್ತೆ ಇನ್ನೊಂದು ಕಾಲಿನಿಂದ ಅದೇ. ವಾಲ್ಟ್ಸ್ ಮೂರರ ಎಣಿಕೆ, ನಿಧಾನ. ತಾಳಕ್ಕಿಂತ ಮುಖ್ಯವಾದದ್ದು ದಿಕ್ಕು. ಎಲ್ಲ ಜೋಡಿಗಳೂ ಅಂಗಳದ ಸುತ್ತ ಅಪ್ರದಕ್ಷಿಣವಾಗಿ ಸಾಗುತ್ತವೆ. ಹೊಸಬರು ಎದುರು ದಿಕ್ಕಿಗೆ ತಿರುಗಿ ಡಿಕ್ಕಿ ಹೊಡೆಯುವುದೇ ಹೆಚ್ಚು. ಹೆಜ್ಜೆ ಚಿಕ್ಕದಾಗಿಡಿ. ಸುಸ್ತಾದರೆ ನಡುವೆ ನಿಲ್ಲಬೇಡಿ, ಅಂಚಿಗೆ ಸರಿಯಿರಿ. ವೇಗದವರು ಹೊರಸುತ್ತಿನಲ್ಲಿ, ನಿಧಾನದವರು ಒಳಸುತ್ತಿನಲ್ಲಿ. ರಬ್ಬರ್ ಅಡಿಯ ಶೂ ನೆಲಕ್ಕೆ ಅಂಟಿ ಮೊಣಕಾಲು ತಿರುಚುತ್ತದೆ, ಚರ್ಮದ ಅಡಿಯದ್ದು ಒಳ್ಳೆಯದು.

ಅಭ್ಯಾಸಕ್ಕೆ ಹಬ್ಬವನ್ನೇ ಕಾಯಬೇಕಿಲ್ಲ. ನ್ಯೂ ಬ್ರೌನ್‌ಫೆಲ್ಸ್‌ನ ಗ್ರೀನ್ ಹಾಲ್ 1878ರದ್ದು, ಇಂದಿಗೂ ಅಲ್ಲಿ ಸಂಗೀತವಿದೆ. ಮರದ ನೆಲ, ಏರ್ ಕಂಡೀಷನ್ ಇಲ್ಲ.

ಪೋಲ್ಕಾಕ್ಕೆ ನುಡಿಸುವ ಅಕಾರ್ಡಿಯನ್ ಮೆಕ್ಸಿಕನ್ ಹಾಡಿನಲ್ಲೂ ಕೇಳಿಸುತ್ತದಲ್ಲ?

ಕಿವಿ ಚುರುಕಾಗಿದೆ. ಅಕಾರ್ಡಿಯನ್ನೂ ಪೋಲ್ಕಾವೂ ಜರ್ಮನ್, ಝೆಕ್ ವಲಸಿಗರಿಂದ ದಕ್ಷಿಣ ಟೆಕ್ಸಸ್‌ನ ಮೆಕ್ಸಿಕನ್ ಕುಟುಂಬಗಳಿಗೆ ದಾಟಿ, 12 ತಂತಿಯ ಬಾಹೋ ಸೆಕ್ಸ್ಟೋ ವಾದ್ಯದ ಜೊತೆ ಕೂಡಿ ಕೊಂಹುಂಟೊ ಸಂಗೀತವಾಯಿತು. ನಾರ್ಸಿಸೋ ಮಾರ್ಟಿನೆಜ್ ಅದಕ್ಕೊಂದು ರೂಪ ಕೊಟ್ಟವರು, ಸ್ಯಾನ್ ಆಂಟೋನಿಯೋದ ಫ್ಲಾಕೋ ಹಿಮೆನೆಜ್ ಅದನ್ನು ಲೋಕಕ್ಕೆ ಕೇಳಿಸಿದವರು. ಈ ಹಬ್ಬಗಳು ಉಳಿಸಿದ್ದಕ್ಕಿಂತ ಹೆಚ್ಚು ಜೀವಂತವಾಗಿ ಪೋಲ್ಕಾ ಬದುಕಿರುವುದು ಬಹುಶಃ ಅಲ್ಲಿ.

ನೈನ್‌ಪಿನ್ ಬೌಲಿಂಗ್ ಎಂದರೇನು?

ನಮ್ಮ ಮಟ್ಟಿಗೆ ಹಿಲ್ ಕಂಟ್ರಿಯ ನಿಜವಾದ ಜರ್ಮನ್ ಉಳಿಕೆ ಇದು. ಯಾವ ಭಿತ್ತಿಪತ್ರದಲ್ಲೂ ಇದರ ಚಿತ್ರವಿರುವುದಿಲ್ಲ. ವಲಸಿಗರು ತಂದ, ಚೆಂಡು ಉರುಳಿಸಿ ಬೀಳಿಸುವ ಒಂಬತ್ತು ಪಿನ್ನಿನ ಆಟ ಅಮೆರಿಕದ ಉಳಿದೆಡೆ ಹತ್ತು ಪಿನ್ನಿನ ಆಟಕ್ಕೆ ಸೋತು ಮಾಯವಾಯಿತು. ಕೋಮಲ್, ಗ್ವಾಡಲೂಪ್, ಬೇಕ್ಸಾರ್ ಕೌಂಟಿಗಳ ಸುತ್ತಮುತ್ತಲ ಹಳೆಯ ಕ್ಲಬ್ಬುಗಳಲ್ಲಿ ಮಾತ್ರ ಉಳಿದಿದೆ.

ಪಿನ್‌ಗಳು ವಜ್ರಾಕೃತಿಯಲ್ಲಿ ನಿಲ್ಲುತ್ತವೆ, ನಟ್ಟನಡುವಿನದು ಕೆಂಪು. ಆರು ಜನರ ತಂಡ. ಒಬ್ಬರು ಬೀಳಿಸದೆ ಬಿಟ್ಟ ಪಿನ್‌ಗಳಿಗೆ ಅದೇ ತಂಡದ ಮುಂದಿನವರು ಎಸೆಯಬೇಕು, ನಡುವೆ ಮತ್ತೆ ನಿಲ್ಲಿಸುವುದಿಲ್ಲ. ಒಂಬತ್ತೂ ಬಿದ್ದರೆ 9 ಅಂಕ. ಸುತ್ತಲಿನ ಎಂಟು ಬಿದ್ದು ಕೆಂಪೊಂದೇ ನಿಂತರೆ 12. ಆಟದ ಸ್ವಾರಸ್ಯವೆಲ್ಲ ಈ ಹೆಚ್ಚಿನ ಮೂರು ಅಂಕಗಳ ಆಸೆಯಲ್ಲಿದೆ. ಕೆಂಪಿನ ಪಕ್ಕ ಒಂದೇ ಪಿನ್ ಉಳಿದಾಗ ಯಾರನ್ನು ಎಸೆಯಲು ಕಳಿಸುವುದು ಎಂದು ತೀರ್ಮಾನಿಸುವವರು ತಂಡದ ನಾಯಕರು. ಎಡಕ್ಕೆ ಹೊರಳಿಸಬಲ್ಲವರೇ, ನೇರಕ್ಕೆ ಹೊಡೆಯುವವರೇ, ಕೈ ನಡುಗದವರೇ? ಬಲಕ್ಕಿಂತ ಬುದ್ಧಿಗೆ ಕೆಲಸ ಜಾಸ್ತಿ. ಬಿದ್ದ ಪಿನ್‌ಗಳನ್ನು ಯಂತ್ರವಲ್ಲ, ಹಿಂದೆ ಕೂತ ಹುಡುಗರು ಕೈಯಾರೆ ಎತ್ತಿ ನಿಲ್ಲಿಸುತ್ತಾರೆ. ಆದ್ದರಿಂದ ಅವರು ಕಾಲು ಮೇಲೆತ್ತಿ ಕೂರುವವರೆಗೆ ಚೆಂಡು ಬಿಡಬಾರದು.

ಹೆಚ್ಚಿನ ಕ್ಲಬ್ಬುಗಳು ವಾರದ ಸಂಜೆ ಸದಸ್ಯರ ಲೀಗ್ ಆಡುತ್ತವೆ. ಫೋನ್ ಮಾಡಿ ನೋಡಲು ಬರಬಹುದೇ ಎಂದು ಕೇಳಿದರೆ ಇಲ್ಲ ಎನ್ನುವವರು ಕಡಿಮೆ. ಬ್ಲಾಂಕೋ ಊರಿನ ಬೌಲಿಂಗ್ ಕ್ಲಬ್ಬಿಗೆ ಉಪಾಹಾರ ಗೃಹವೂ ಅಂಟಿಕೊಂಡಿದೆ, ಊಟದ ನೆಪದಲ್ಲಿ ಇಣುಕಬಹುದು.

ಈಗಲೂ ಜರ್ಮನ್ ಮಾತಾಡುವವರಿದ್ದಾರೆಯೇ?

ಇದ್ದಾರೆ, ಎಲ್ಲರೂ ಇಳಿವಯಸ್ಸಿನವರು. ಟೆಕ್ಸಸ್ ಜರ್ಮನ್ ಎಂಬುದೊಂದು ಬೇರೆಯೇ ಒಳನುಡಿ. ಹಲವು ಪ್ರಾಂತ್ಯಗಳ ಮಾತು ಇಲ್ಲಿ ಬೆರೆತು, ಇಂಗ್ಲಿಷ್ ಪದ ಸೇರಿಸಿಕೊಂಡು ಬೆಳೆದದ್ದು. ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನಿ ಹಾನ್ಸ್ ಬೋವಾಸ್ 2001ರಿಂದ ಅದನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದಾರೆ. ಮಕ್ಕಳಿಗೆ ದಾಟಿಲ್ಲದ ಕಾರಣ ಕೆಲವೇ ದಶಕಗಳಲ್ಲಿ ಅದು ಮರೆಯಾಗುವುದು ಖಚಿತ. ಮನೆಯಲ್ಲಿ ಮಕ್ಕಳು ಇಂಗ್ಲಿಷಿನಲ್ಲೇ ಉತ್ತರ ಕೊಡುವ ಕನ್ನಡ ಕುಟುಂಬಗಳಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಮಾತು ನಿಂತುಹೋದದ್ದೇಕೆ?

ಮೊದಲ ಮಹಾಯುದ್ಧ. ಜರ್ಮನ್ ಮಾತಾಡುವವರೆಲ್ಲ ಅನುಮಾನಕ್ಕೆ ಗುರಿಯಾದರು. 1918ರಲ್ಲಿ ಟೆಕ್ಸಸ್ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷಿನಲ್ಲೇ ಪಾಠ ಎಂಬ ಕಾನೂನು ಬಂತು. ಎರಡನೆಯ ಮಹಾಯುದ್ಧ ಉಳಿದದ್ದನ್ನೂ ಮನೆಯೊಳಕ್ಕೆ ತಳ್ಳಿತು. ಆದರೂ 1852ರಲ್ಲಿ ಸಸ್ಯವಿಜ್ಞಾನಿ ಫರ್ಡಿನಾಂಡ್ ಲಿಂಡ್‌ಹೈಮರ್ ಸಂಪಾದಕತ್ವದಲ್ಲಿ ಶುರುವಾದ ನೊಯ್-ಬ್ರೌನ್‌ಫೆಲ್ಸರ್ ಝೈಟುಂಗ್ ಪತ್ರಿಕೆ 1957ರವರೆಗೂ ಜರ್ಮನ್‌ನಲ್ಲಿ ಬಂದದ್ದು ಸಣ್ಣ ಮಾತಲ್ಲ.

ಅನುಮಾನ ಅದಕ್ಕೂ ಹಳೆಯದು. ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರವಿದ್ದ ಕಾನ್ಫೆಡರೇಟ್ ಪಕ್ಷ ಸೇರಲೊಪ್ಪದ ಹಿಲ್ ಕಂಟ್ರಿಯ ಜರ್ಮನ್ನರ ಒಂದು ಗುಂಪು 1862ರಲ್ಲಿ ಮೆಕ್ಸಿಕೋ ಕಡೆಗೆ ಹೊರಟಾಗ ನ್ಯೂಸಿಸ್ ನದಿ ಬಳಿ ಕಾನ್ಫೆಡರೇಟ್ ಸೈನಿಕರು ಮೇಲೆಬಿದ್ದು ಕೊಂದರು, ಗಾಯಾಳುಗಳನ್ನೂ ಬಿಡಲಿಲ್ಲ. ಕಂಫರ್ಟ್ ಊರಿನಲ್ಲಿ 1866ರ ಸುಣ್ಣಕಲ್ಲಿನ ಸ್ಮಾರಕವಿದೆ, ಹೆಸರುಗಳನ್ನು ಕೊರೆದಿದ್ದಾರೆ. ಫ್ರೆಡರಿಕ್ಸ್‌ಬರ್ಗ್‌ಗೆ ಹೋಗುವಾಗ ಅರ್ಧ ಗಂಟೆ ಅಲ್ಲಿ ನಿಲ್ಲಿಸಿ.

ಏನು ಹಾಕಿಕೊಂಡು ಹೋಗುವುದು?

ಏನಾದರೂ ನಡೆಯುತ್ತದೆ. ಡಿರ್ನ್‌ಡ್ಲ್ ಎಂಬ ಹೆಂಗಸರ ಬವೇರಿಯನ್ ಉಡುಪು ತೊಡುವುದಾದರೆ ಏಪ್ರನ್ನಿನ ಗಂಟನ್ನು ಅವಿವಾಹಿತರು ತಮ್ಮ ಎಡಕ್ಕೆ, ವಿವಾಹಿತರು ಬಲಕ್ಕೆ ಕಟ್ಟುವುದು ಬವೇರಿಯಾದ ರೂಢಿ. ಟೆಕ್ಸಸ್‌ನಲ್ಲಿ ಯಾರೂ ಗಮನಿಸುವುದಿಲ್ಲ. ಸೀರೆ ಉಟ್ಟು ಹೋದರೂ ಚೆನ್ನ, ಜರಿ ಅಂಚಿಗೆ ಬಿಯರ್ ಚೆಲ್ಲಬಹುದು ಎಂಬುದೊಂದೇ ಆತಂಕ. ಹವಾಮಾನ ಮಾತ್ರ ಗಂಭೀರ ವಿಷಯ. ಅಕ್ಟೋಬರ್ ಮೊದಲ ವಾರದ ಮಧ್ಯಾಹ್ನ 30 ಡಿಗ್ರಿ ದಾಟುವುದುಂಟು. ನವೆಂಬರ್‌ನಲ್ಲಿ ನಾರ್ದರ್ ಎಂಬ ಉತ್ತರದ ಗಾಳಿ ಬೀಸಿದರೆ ಒಂದೆರಡು ಗಂಟೆಯಲ್ಲಿ ಹತ್ತು ಡಿಗ್ರಿ ಕುಸಿಯುತ್ತದೆ. ಹಗಲಿಗೆ ಹತ್ತಿ ಬಟ್ಟೆ, ಸಂಜೆಗೆ ಸ್ವೆಟರ್.

ಹೋಗುವುದು, ಉಳಿಯುವುದು?

ನ್ಯೂ ಬ್ರೌನ್‌ಫೆಲ್ಸ್ ಐ-35 ಹೆದ್ದಾರಿಯಲ್ಲೇ ಇದೆ, ಸ್ಯಾನ್ ಆಂಟೋನಿಯೋದಿಂದ ಸುಮಾರು 50, ಆಸ್ಟಿನ್‌ನಿಂದ 75 ಕಿಲೋಮೀಟರ್. ಫ್ರೆಡರಿಕ್ಸ್‌ಬರ್ಗ್ ಆಸ್ಟಿನ್‌ನಿಂದ 290 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ 125 ಕಿಲೋಮೀಟರ್. ಬಸ್ಸು ರೈಲು ನೆಚ್ಚಿಕೊಳ್ಳುವಂತಿಲ್ಲ. ಕೋಣೆಗಳನ್ನು ತಿಂಗಳುಗಳ ಮೊದಲೇ ಹಿಡಿಯಬೇಕು, ಫ್ರೆಡರಿಕ್ಸ್‌ಬರ್ಗ್‌ನಲ್ಲಂತೂ ಅಕ್ಟೋಬರ್‌ಗೆ ಬೇಸಿಗೆಯಲ್ಲೇ. ಅಲ್ಲಿ ಭಾನುವಾರದ ಮನೆಗಳು ಎಂಬ ಪುಟ್ಟ ಹಳೆಯ ಮನೆಗಳಿವೆ. ದೂರದ ಹೊಲಗಳ ರೈತರು ಶನಿವಾರ ಸಂತೆ, ಭಾನುವಾರ ಚರ್ಚು ಮುಗಿಸಲು ಕಟ್ಟಿಕೊಂಡಿದ್ದವು. ಕೆಲವನ್ನು ಈಗ ಬಾಡಿಗೆಗೆ ಕೊಡುತ್ತಾರೆ.

ಕುಡಿದು ಗಾಡಿ ಮುಟ್ಟಬೇಡಿ. ರಕ್ತದಲ್ಲಿನ ಮದ್ಯಕ್ಕೆ ಟೆಕ್ಸಸ್ ಮಿತಿ ಶೇಕಡಾ 0.08. ಎಚ್-1ಬಿ, ವಿದ್ಯಾರ್ಥಿ ವೀಸಾದವರಿಗೆ ದಂಡ, ವಕೀಲರ ಖರ್ಚಷ್ಟೇ ಅಲ್ಲ: ಬರೀ ಬಂಧನವಾದರೂ, ತಪ್ಪು ಸಾಬೀತಾಗುವ ಮೊದಲೇ, ವೀಸಾ ರದ್ದಾಗಬಹುದು. ಕುಡಿಯದವರೊಬ್ಬರನ್ನು ಗುಂಪಿನಲ್ಲಿ ಮೊದಲೇ ಗೊತ್ತು ಮಾಡಿ.

ಇದೇ ಮಾದರಿಯಲ್ಲಿ ನಮ್ಮ ಕನ್ನಡ ಸಂಘ ತಿಂಡಿ ಮೇಳ ಮಾಡಬಹುದೇ?

ಮಾಡಬಹುದು, ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಎಡವುವುದು ಮಾತ್ರ ಎಲ್ಲರೂ ಒಂದೇ ಕಡೆ: ಮನೆಯಲ್ಲಿ ಮಾಡಿದ ಬಿಸಿಬೇಳೆ ಬಾತನ್ನು ಡಿಕ್ಕಿಯಲ್ಲಿಟ್ಟು ತರುವುದು. ಸಾರ್ವಜನಿಕರಿಗೆ ಮಾರುವ ಅಡುಗೆಯನ್ನು ಸ್ಥಳದಲ್ಲೇ, ಇಲ್ಲವೇ ಪರವಾನಗಿ ಇರುವ ಅಡುಗೆಮನೆಯಲ್ಲಿ ಮಾಡಬೇಕು. ಆರೋಗ್ಯ ಇಲಾಖೆಯ ತಾತ್ಕಾಲಿಕ ಆಹಾರ ಪರವಾನಗಿ ಬೇಕು, ಅರ್ಜಿಯನ್ನು ವಾರಗಳ ಮೊದಲೇ ಹಾಕಿ. ಬಿಸಿ ಪದಾರ್ಥ 57 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ಮೊಸರನ್ನ, ಚಟ್ನಿಯಂಥವು 5 ಡಿಗ್ರಿಗಿಂತ ಕೆಳಗೆ ಇರಬೇಕು. ತನಿಖೆಗೆ ಬಂದವರು ಮೊದಲು ನೋಡುವುದು ತೆಂಗಿನಕಾಯಿ ಚಟ್ನಿಯನ್ನೇ, ಆದ್ದರಿಂದ ಐಸ್ ಪೆಟ್ಟಿಗೆ ಎರಡು ಇಡಿ. ಪಾತ್ರೆಗೆ ಮೂರು ತೊಟ್ಟಿ: ಸೋಪು, ಸ್ವಚ್ಛ ನೀರು, ಕ್ಲೋರಿನ್ ನೀರು. ಕೈ ತೊಳೆಯಲು ಇವಲ್ಲದೆ ಇನ್ನೊಂದು, ನಲ್ಲಿ ಇರುವ ಡಬ್ಬ, ಸೋಪು, ಕಾಗದದ ಟವೆಲ್ ಸಮೇತ.

ಮದ್ದೂರು ವಡೆ ಕರಿಯುವ ಯೋಚನೆಯಿದ್ದರೆ ಅಗ್ನಿಶಾಮಕ ಇಲಾಖೆಯ ಮಾತೂ ಬರುತ್ತದೆ. ಎಣ್ಣೆ ಬೆಂಕಿಗೆ ಬೇಕಾದ ಕೆ ದರ್ಜೆಯ ನಂದಕ, ಬೆಂಕಿ ಹಿಡಿಯದ ಬಟ್ಟೆ ಎಂಬ ಪ್ರಮಾಣಪತ್ರವಿರುವ ಡೇರೆ, ನೆಟ್ಟಗೆ ನಿಲ್ಲಿಸಿ ಕಟ್ಟಿದ ಗ್ಯಾಸ್ ಸಿಲಿಂಡರ್. ಇನ್ನು ಪಟ್ಟಿ ಚಿಕ್ಕದಾಗಿರಲಿ. ವುರ್ಸ್ಟ್‌ಫೆಸ್ಟಿನ ಸಂಘಗಳು ಒಂದೊಂದು ಮಳಿಗೆಯಲ್ಲಿ ಒಂದೆರಡು ತಿಂಡಿಯನ್ನಷ್ಟೇ ಮಾಡುತ್ತವೆ, ವರ್ಷವರ್ಷವೂ ಅದನ್ನೇ. ಹನ್ನೆರಡು ಬಗೆ ಇಟ್ಟ ಮಳಿಗೆಯಲ್ಲಿ ಸಾಲು ಉದ್ದವಾಗುತ್ತದೆ, ರಾತ್ರಿಗೆ ಅರ್ಧ ಅಡುಗೆ ಉಳಿಯುತ್ತದೆ.